ಪುನಸ್ಸಮಾಗಮ ವಿಚಾರ: ಪಾಶ್ಚಾತ್ಯ ರಾಕ್ ವೃಂದಗಳನ್ನು ಕುರಿತು

ಪಾಶ್ಚಾತ್ಯ ದೇಶಗಳ ರಾಕ್ ಸಂಗೀತದಲ್ಲಿ ಅಭಿರುಚಿಯುಳ್ಳವರು ಇಬ್ಬರು ಒಂದೆಡೆ ಸೇರಿದರೆ ಅಲ್ಲಿ ಒಂದು ವಿವಾದವು ಹುಟ್ಟದೆ ಇರದು. ಚೆದರಿಹೋದ ವೃಂದವು ಹತ್ತಾರು ವರ್ಷಗಳ ಮೇಲೆ ಮತ್ತೆ ಕೂಡಿ ಹಾಡುವುದು ಉಚಿತವೆ? ಅದರಲ್ಲಿದ್ದ ಒಬ್ಬನು ಕಾಲವಾಗಿದ್ದರೆ, ಉಳಿದವರು ಬೇರೊಬ್ಬನನ್ನು ತಂದು ನಿಲ್ಲಿಸಿ ಹಳೆಯ ಹೆಸರಿನಿಂದಲೇ ಕರೆಯಿಸಿಕೊಳ್ಳುವುದು ಸರಿಯೆ? ನಮ್ಮ ಸಂಘದ ಈಚಿನ ಗೋಷ್ಠಿಯಲ್ಲಿ ತರುಣ ಸದಸ್ಯರೊಬ್ಬರು ಈ ವಿಷಯವಾಗಿ ಬಹು ಖಂಡಿತವಾಗಿ ಮಾತನಾಡಿದರು. ಅವರ ಮತದಂತೆ ಪುನಸ್ಸಮಾಗಮಗಳೆಲ್ಲವೂ ವ್ಯಾಪಾರ. ಸತ್ತ ವೃಂದವು ಸತ್ತೇ ಇರಬೇಕು. ಹಳೆಯ ರೆಕಾರ್ಡುಗಳಿರುವಾಗ ಮುದುಕರ ಕಂಠವನ್ನು ಕೇಳುವ ಅಗತ್ಯವೇನು? ಅವರಿಗೆ ಪ್ರತಿಯಾಗಿ ಇನ್ನೊಬ್ಬರು, ಹಾಡು ಉಳಿದರೆ ಸಾಕು, ಹಾಡುವವರು ಯಾರಾದರೇನು ಎಂದರು. ಎರಡು ಮಾತುಗಳೂ ಕೇಳುವುದಕ್ಕೆ ಚೆನ್ನಾಗಿವೆ. ಎರಡರಲ್ಲಿಯೂ ವಿಚಾರವು ಅರ್ಧದಾರಿಯಲ್ಲಿಯೇ ನಿಂತಿದೆಯೆಂದು ನನ್ನ ಅಭಿಪ್ರಾಯ.

ಸಾಹಿತ್ಯಪತ್ರಿಕೆಯಲ್ಲಿ ಈ ಪ್ರಸ್ತಾಪವೇಕೆ ಎಂದು ಹುಬ್ಬೇರಿಸುವ ಹಿರಿಯರಿಗೆ ಒಂದು ಅರಿಕೆ. ಸಹೃದಯನ ಚಿತ್ತವನ್ನು ಕಲಕತಕ್ಕದ್ದು ಯಾವುದಾದರೂ ವಿಮರ್ಶೆಗೆ ವಿಷಯವೇ ಸರಿ. ಪಾಠಶಾಲೆಯಲ್ಲಿ ನಾನು ಸಿದ್ಧಾಂತಕೌಮುದಿಯನ್ನು ಉರುಹೊಡೆಯುತ್ತಿದ್ದ ಕಾಲದಲ್ಲಿ ಗೋಡೆಯಾಚೆಯ ಕೊಠಡಿಯ ವಿದ್ಯಾರ್ಥಿಯೊಬ್ಬನು ಕ್ಯಾಸೆಟ್ಟುಗಳನ್ನು ಹಾಕಿಕೊಂಡು ಕೇಳುತ್ತಿದ್ದನಾಗಿ, ಸೂತ್ರಗಳೂ ಲೆಡ್ ಜೆಪ್ಪೆಲಿನ್ ವೃಂದದವರ ಗಿಟಾರಿನ ನಾದವೂ ನನ್ನ ತಲೆಯಲ್ಲಿ ಒಟ್ಟಿಗೇ ನೆಲೆಗೊಂಡವು. ಇಂದಿಗೂ ಒಂದನ್ನು ನೆನೆದರೆ ಇನ್ನೊಂದು ಬರುತ್ತದೆ. ಇನ್ನು, ‘ಬ್ಯಾಂಡ್’ ಎಂಬ ಮಾತಿಗೆ ನಮ್ಮಲ್ಲಿ ಮೆರವಣಿಗೆಯ ಮುಂದೆ ಹಿತ್ತಾಳೆಯ ವಾದ್ಯಗಳನ್ನು ಊದುತ್ತ ನಡೆಯುವವರೆಂಬ ಅರ್ಥವೇ ರೂಢವಾಗಿರುವುದರಿಂದ, ಈ ಲೇಖನದಲ್ಲಿ ‘ವೃಂದ’ ಎಂದು ಬರೆದಿದ್ದೇನೆ.

ನಮ್ಮ ಶಾಸ್ತ್ರಕಾರರು ಪ್ರತ್ಯಭಿಜ್ಞೆಗೆ ಕೊಡುವ ಉದಾಹರಣೆಯು ಪ್ರಸಿದ್ಧವಾದದ್ದು: ಅವನೇ ಈ ದೇವದತ್ತನು. ಹಿಂದೆ ಬೇರೊಂದು ಊರಿನಲ್ಲಿ ಕಂಡವನನ್ನು ಇಂದು ಇಲ್ಲಿ ಕಂಡು ಗುರುತು ಹಿಡಿದೆವು. ಇಲ್ಲಿ ‘ಅವನು’ ಎಂಬುದೂ ಬೇಕು, ‘ಈ’ ಎಂಬುದೂ ಬೇಕು. ‘ಅವನು’ ಎಂಬುದೊಂದೇ ಆದರೆ ಅದು ಬರಿಯ ಸ್ಮರಣೆ. ‘ಈತನು’ ಎಂಬುದೊಂದೇ ಆದರೆ ಬರಿಯ ಪ್ರತ್ಯಕ್ಷ. ಎರಡೂ ಕೂಡಿ, ನಡುವೆ ಕಳೆದ ಕಾಲವು ತೋರುತ್ತಿದ್ದರೂ ಅದನ್ನು ದಾಟಿ ಮನಸ್ಸು ‘ಇವನೇ’ ಎಂದಾಗಲೇ ಗುರುತು. ರೆಕಾರ್ಡನ್ನು ಕೇಳುವಾಗ ನಮಗಾಗುವುದು ಸ್ಮರಣೆಗೆ ಸಮೀಪವಾದದ್ದು. ಪರವೃಂದದ ಹಾಡುಗಳನ್ನು ಅನುಕರಿಸಿ ಹಾಡುವವರಲ್ಲಿ ಕಾಣುವುದು ಬರಿಯ ಪ್ರತ್ಯಕ್ಷ. ಪುನಸ್ಸಮಾಗಮದಲ್ಲಿ ಮಾತ್ರ ಪ್ರತ್ಯಭಿಜ್ಞೆಗೆ ಅವಕಾಶವುಂಟು. ಅದು ಕೈಗೂಡಬೇಕಾದರೆ ಕಳೆದ ಕಾಲವನ್ನೂ ಅಗಲಿದವರನ್ನೂ ಮರೆಮಾಡಕೂಡದು. ಮರೆಮಾಡಿದವರು ಕೆಟ್ಟರು, ತೋರಗೊಟ್ಟವರು ಗೆದ್ದರು. ಇಷ್ಟೇ ನಾನು ಪ್ರತಿಪಾದಿಸತಕ್ಕದ್ದು, ಮಿಕ್ಕದ್ದೆಲ್ಲ ಉದಾಹರಣೆ.

ಮೊದಲು ಲೆಡ್ ಜೆಪ್ಪೆಲಿನ್. 1980ನೆಯ ಇಸವಿ ಸೆಪ್ಟೆಂಬರ್ 25ರಂದು ಆ ವೃಂದದ ಡ್ರಮ್ ವಾದಕ ಜಾನ್ ಬಾನಮ್ ತೀರಿಕೊಂಡನು. ಅದೇ ವರ್ಷ ಡಿಸೆಂಬರ್ 4ರಂದು ಉಳಿದ ಮೂವರೂ ಪ್ರಕಟಣೆಯೊಂದನ್ನು ಹೊರಡಿಸಿ, ಇನ್ನು ಮೊದಲಿನಂತೆ ಮುಂದುವರಿಯಲಾರೆವೆಂದು ತಿಳಿಸಿದರು. ಕೀರ್ತಿಯ ಶಿಖರದಲ್ಲಿದ್ದವರು ಹೀಗೆ ಮಾಡಿದ್ದು ಸಾಮಾನ್ಯವಾದ ಸಂಗತಿಯಲ್ಲ. ಆದರೆ 1985ನೆಯ ಇಸವಿ ಜುಲೈ 13ರಂದು ಆಫ್ರಿಕಾದ ಕ್ಷಾಮಪೀಡಿತರ ಸಹಾಯಾರ್ಥವಾಗಿ ನಡೆದ ‘ಲೈವ್ ಏಡ್’ ಉತ್ಸವದಲ್ಲಿ, ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ, ಅವರು ಮತ್ತೆ ರಂಗವನ್ನೇರಿದರು. ಬಾನಮ್ಮನ ಸ್ಥಾನದಲ್ಲಿ ಇಬ್ಬರು ವಾದಕರು. ಅವರಲ್ಲಿ ಒಬ್ಬನಾದ ಫಿಲ್ ಕಾಲಿನ್ಸನು ಅದೇ ದಿನ ಲಂಡನ್ನಿನಲ್ಲಿ ಹಾಡಿ, ಕಾಂಕಾರ್ಡ್ ವಿಮಾನದಲ್ಲಿ ಸಾಗರವನ್ನು ದಾಟಿ ಬಂದಿದ್ದನು. ಅಭ್ಯಾಸವು ಸಾಲದು; ರಾಬರ್ಟ್ ಪ್ಲಾಂಟನ ಕಂಠವು ಒಡೆದಿತ್ತು; ಜಿಮ್ಮಿ ಪೇಜನ ಗಿಟಾರು ಶ್ರುತಿ ತಪ್ಪಿತ್ತು. ಆ ಉತ್ಸವದ ಚಿತ್ರಮುದ್ರಿಕೆಗಳು 2004ರಲ್ಲಿ ಹೊರಬಂದಾಗ ತಮ್ಮ ಭಾಗವನ್ನು ಸೇರಿಸಲು ಅವರೇ ಒಪ್ಪಲಿಲ್ಲವೆಂದರೆ ಮಿಕ್ಕದ್ದನ್ನು ವಾಚಕರು ಊಹಿಸಿಕೊಳ್ಳಬಹುದು. ಶ್ರುತಿಭಂಗವೇ ಅಲ್ಲಿಯ ದೋಷವೆಂದು ಎಲ್ಲರೂ ಹೇಳುತ್ತಾರೆ. ನನಗೆ ತೋರುವ ದೋಷವು ಬೇರೆ. ಐದು ವರ್ಷಗಳ ಹಿಂದೆ ಏನೂ ನಡೆದೇ ಇಲ್ಲವೆಂಬಂತೆ ಅವರು ಹಾಡತೊಡಗಿದರು. ಬಾನಮ್ಮನ ಮರಣವನ್ನು ದೊಡ್ಡ ಶಬ್ದದಿಂದ ಮುಚ್ಚುವ ಯತ್ನವಾಯಿತು ಅದು.

ಇದಕ್ಕೆ ಎದುರಾಗಿ 2007ನೆಯ ಇಸವಿ ಡಿಸೆಂಬರ್ 10ರಂದು ಲಂಡನ್ನಿನ ಓ-ಟೂ ಸಭಾಂಗಣದಲ್ಲಿ ನಡೆದುದನ್ನು ನೋಡಿರಿ. ಅಟ್ಲಾಂಟಿಕ್ ಎಂಬ ಧ್ವನಿಮುದ್ರಣ ಸಂಸ್ಥೆಯ ಸ್ಥಾಪಕರಲ್ಲಿ ಒಬ್ಬನಾದ ಅಹ್ಮೆಟ್ ಎರ್ಟೆಗನ್ ಹಿಂದಿನ ವರ್ಷ ಕಾಲವಾಗಿದ್ದನು. ಆತನ ಸ್ಮರಣಾರ್ಥವಾಗಿ ಇವರು ಕೂಡಿದರು. ಡ್ರಮ್ಮಿನ ಹಿಂದೆ ಕುಳಿತವನು ಬಾನಮ್ಮನ ಮಗ ಜೇಸನ್. ಟಿಕೆಟ್ಟುಗಳಿಗಾಗಿ 2 ಕೋಟಿ ಬೇಡಿಕೆಗಳು ಬಂದವೆಂದು ಪತ್ರಿಕೆಗಳಲ್ಲಿ ವರದಿಯಾಯಿತು. ಈ ಸಾರಿ ಅಭ್ಯಾಸಕ್ಕೆ ವಾರಗಟ್ಟಲೆ ಕಾಲವನ್ನು ಕೊಟ್ಟಿದ್ದರು. ಎರಡು ಗಂಟೆಗಳಿಗೂ ಮೀರಿ ಹಾಡಿದರು. ಕೆಲವು ಹಾಡುಗಳ ಶ್ರುತಿಯನ್ನು ಇಳಿಸಿಕೊಂಡರು. ಇದನ್ನು ಕೆಲವರು ಕುಂದೆಂದು ಎಣಿಸಿದ್ದುಂಟು. ಐವತ್ತೊಂಬತ್ತು ವರ್ಷದ ಗಾಯಕನು ಇಪ್ಪತ್ತೈದರ ಶ್ರುತಿಯಲ್ಲಿ ಹಾಡಲು ಹೋಗಿ ಕೂಗುವುದಕ್ಕಿಂತ, ತನ್ನ ಶಾರೀರವು ಇಂದು ಎಲ್ಲಿ ನಿಲ್ಲುವುದೋ ಅಲ್ಲಿಗೆ ತಂಬೂರಿಯನ್ನು ಇಳಿಸುವುದು ವಿವೇಕವೆಂದು ನಮ್ಮ ವಿದ್ವಾಂಸರೆಲ್ಲರೂ ಬಲ್ಲರು. ಶ್ರುತಿಯನ್ನು ಇಳಿಸಿದುದೇ ‘ಈ’ ಎಂಬ ಶಬ್ದದ ಉಚ್ಚಾರಣೆ. ಜೇಸನ್ನನ ಮುಖವನ್ನು ಕಂಡವರಿಗೆ ಅವನ ತಂದೆಯು ಅಲ್ಲಿಲ್ಲವೆಂಬುದು ಪ್ರತಿ ಗಳಿಗೆಯೂ ಕಾಣುತ್ತಿತ್ತು. ಆ ರಾತ್ರಿಯ ಚಲನಚಿತ್ರವು 2012ರಲ್ಲಿ ಹೊರಬಂದಿತು, ಸಂಶಯವುಳ್ಳವರು ನೋಡಿಕೊಳ್ಳಬಹುದು.

ಇದಾದ ಮೇಲೆ ಊರೂರು ಸಂಚರಿಸಿ ಹಾಡಬೇಕೆಂದು ಅಭಿಮಾನಿಗಳು ಅಂಗಲಾಚಿದರು. ಪ್ಲಾಂಟನು ಒಪ್ಪಲಿಲ್ಲ. ಆತನನ್ನು ಗರ್ವಿಷ್ಠನೆಂದವರೂ ಇದ್ದಾರೆ. ಮಗನು ತಂದೆಗೆ ಶ್ರಾದ್ಧವನ್ನು ತಿಥಿಯಂದು ಮಾಡುತ್ತಾನೆಯೇ ಹೊರತು, ಊರಿಗೊಂದರಂತೆ ಮಾಡಿಕೊಂಡು ಹೋಗುವುದಿಲ್ಲವಷ್ಟೆ.

ಮತ್ತೆ ಕೂಡುವವರು ಮುಚ್ಚಿಡಬಾರದ ಅಭಾವವು ಸಾವೊಂದೇ ಅಲ್ಲ. ಬದುಕಿರುವವನೂ ಇಲ್ಲವಾಗಬಹುದು. ಪಿಂಕ್ ಫ್ಲಾಯ್ಡ್ ವೃಂದದ ಕಥೆಯು ಇಂಥದು. ಆ ವೃಂದಕ್ಕೆ ಹೆಸರಿಟ್ಟವನೂ ಮೊದಲ ಹಾಡುಗಳನ್ನು ಕಟ್ಟಿದವನೂ ಆದ ಸಿಡ್ ಬ್ಯಾರೆಟ್ಟನ ಚಿತ್ತವು ಕದಡಿಹೋಗಿ, 1968ರಲ್ಲಿ ಅವನು ವೃಂದದಿಂದ ಹೊರಗಾದನು. 1975ನೆಯ ಇಸವಿ ಜೂನ್ ತಿಂಗಳಿನಲ್ಲಿ ಉಳಿದವರು ಲಂಡನ್ನಿನ ಆಬಿ ರೋಡ್ ಧ್ವನಿಮುದ್ರಣ ಶಾಲೆಯಲ್ಲಿ, ಇವನನ್ನೇ ನೆನೆದು ಕಟ್ಟಿದ ದೀರ್ಘವಾದ ಹಾಡೊಂದನ್ನು ಸಿದ್ಧಪಡಿಸುತ್ತಿದ್ದರು. ಆಗ ಮೈ ಬೆಳೆದ, ತಲೆಯನ್ನೂ ಹುಬ್ಬುಗಳನ್ನೂ ಬೋಳಿಸಿಕೊಂಡಿದ್ದ ಒಬ್ಬ ಮನುಷ್ಯನು ಒಳಗೆ ಬಂದು ನಿಂತನು. ಯಾರೋ ಕೆಲಸದವನೆಂದು ಸ್ವಲ್ಪ ಹೊತ್ತು ಯಾರೂ ಲಕ್ಷ್ಯಮಾಡಲಿಲ್ಲ. ಬ್ಯಾರೆಟ್ಟನೆಂದು ಗೊತ್ತಾದಾಗ ಅವರಲ್ಲಿ ಕೆಲವರು ಅತ್ತರಂತೆ. ಹಾಡಿನೊಳಗಿನ ‘ಅವನು’ ಗೊತ್ತು. ಬಾಗಿಲಲ್ಲಿ ನಿಂತ ‘ಈತನು’ ಗೊತ್ತಿಲ್ಲ. ಪ್ರತ್ಯಭಿಜ್ಞೆಯು ಮುರಿದುಬಿದ್ದ ಇದಕ್ಕಿಂತ ದಾರುಣವಾದ ಪ್ರಸಂಗವನ್ನು ನಾನು ಕಲಾಚರಿತ್ರೆಯಲ್ಲಿ ಬೇರೆ ಕಾಣೆನು.

ಕಾಳಿದಾಸನನ್ನು ಓದಿದವರಿಗೆ ಈ ಸ್ಥಳದಲ್ಲಿ ಶಾಕುಂತಲದ ಏಳನೆಯ ಅಂಕವು ನೆನಪಾಗದೆ ಇರದು. ಮಾರೀಚಾಶ್ರಮದಲ್ಲಿ ದುಷ್ಯಂತನಿಗೆ ಮತ್ತೆ ದೊರೆಯುವ ಶಕುಂತಲೆಯು ಮೊದಲನೆಯ ಅಂಕದ ಹುಡುಗಿಯಲ್ಲ. ಮಾಸಿದ ವಸ್ತ್ರ, ವ್ರತಗಳಿಂದ ಬಾಡಿದ ಮುಖ, ಒಂದೇ ಜಡೆ. ಪಶ್ಚಾತ್ತಾಪದಿಂದ ಬಿಳಿಚಿಕೊಂಡಿದ್ದ ದೊರೆಯನ್ನು ಕಂಡು ಅವಳೂ ಇವನು ನನ್ನ ಪತಿಯೋ ಅಲ್ಲವೋ ಎಂದು ಒಂದು ಕ್ಷಣ ಅನುಮಾನಿಸುತ್ತಾಳೆ. ಕವಿಯು ಮನಸ್ಸು ಮಾಡಿದ್ದರೆ ದುಂಬಿಯನ್ನೂ ಮಲ್ಲಿಗೆಯ ಬಳ್ಳಿಯನ್ನೂ ತಿರುಗಿ ತಂದು ಹಳೆಯ ಶೃಂಗಾರವನ್ನೇ ಇನ್ನೊಮ್ಮೆ ಬಡಿಸಬಹುದಾಗಿತ್ತು. ಹಾಗೆ ಮಾಡಲಿಲ್ಲ. ವಿಯೋಗವು ಇಬ್ಬರ ಮೈಮೇಲೂ ಬರೆದುದನ್ನು ಹಾಗೆಯೇ ಉಳಿಸಿ, ಅದರ ಮೂಲಕವೇ ಗುರುತು ಹಿಡಿಯುವಂತೆ ಮಾಡಿದನು.

2005ನೆಯ ಇಸವಿ ಜುಲೈ 2ರಂದು ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಪಿಂಕ್ ಫ್ಲಾಯ್ಡಿನವರು ಮಾಡಿದುದೂ ಸ್ವಲ್ಪಮಟ್ಟಿಗೆ ಇಂಥದೇ. ರೋಜರ್ ವಾಟರ್ಸನು 1985ರಲ್ಲಿ ವೃಂದವನ್ನು ಬಿಟ್ಟು, ಆ ಹೆಸರನ್ನು ಬೇರೆಯವರು ಬಳಸಕೂಡದೆಂದು ನ್ಯಾಯಾಲಯದವರೆಗೆ ಹೋಗಿದ್ದನು. ಡೇವಿಡ್ ಗಿಲ್ಮೋರ್, ರಿಚರ್ಡ್ ರೈಟ್, ನಿಕ್ ಮೇಸನ್ ಇವರೊಡನೆ ಆತನು ಒಂದೇ ರಂಗದಲ್ಲಿ ನಿಂತು 24 ವರ್ಷಗಳಾಗಿದ್ದವು. ನಾಲ್ಕು ಹಾಡುಗಳು, ಅರ್ಧ ಗಂಟೆಗೂ ಕಡಿಮೆ ಕಾಲ.  ಅಗಲಿದವನನ್ನು ಕುರಿತ ಹಾಡಿಗೆ ಮುನ್ನ ವಾಟರ್ಸನು ಸಿಡ್ ಬ್ಯಾರೆಟ್ಟನ ಹೆಸರೆತ್ತಿ, ಅದನ್ನು ಇಲ್ಲಿಲ್ಲದವರಿಗಾಗಿ ಹಾಡುವೆವೆಂದನು. ಒಂದು ವರ್ಷದ ಮೇಲೆ, 2006ರ ಜುಲೈ ತಿಂಗಳಿನಲ್ಲಿ, ಬ್ಯಾರೆಟ್ ತೀರಿಕೊಂಡನು; 2008ರ ಸೆಪ್ಟೆಂಬರ್ 15ರಂದು ರೈಟ್. ಆ ನಾಲ್ವರು ಇನ್ನು ಕೂಡುವಂತಿಲ್ಲ. ತರುಣ ಮಿತ್ರರು ಪುನಸ್ಸಮಾಗಮವೆಲ್ಲವೂ ವ್ಯಾಪಾರವೆಂದು ಹೇಳುವಾಗ ಈ ಅರ್ಧ ಗಂಟೆಯನ್ನು ಯಾವ ಲೆಕ್ಕದಲ್ಲಿ ಬರೆದುಕೊಳ್ಳುತ್ತಾರೋ ತಿಳಿಯದು.

ವ್ಯಾಪಾರವು ಇಲ್ಲವೇ ಇಲ್ಲವೆಂದು ನಾನು ವಾದಿಸುವವನಲ್ಲ. ಈಗಲ್ಸ್ ಎಂಬ ಅಮೆರಿಕದ ವೃಂದವು 1980ರಲ್ಲಿ ಒಡೆದಾಗ, ಮತ್ತೆ ಯಾವಾಗ ಕೂಡುವಿರೆಂದು ಕೇಳಿದವರಿಗೆ ಅವರಲ್ಲೊಬ್ಬನು ನರಕವು ಹೆಪ್ಪುಗಟ್ಟಿದಾಗ ಎಂದನಂತೆ. 1994ರಲ್ಲಿ ಕೂಡಿದರು, ಆ ಮಾತನ್ನೇ ರೆಕಾರ್ಡಿಗೆ ಹೆಸರಾಗಿಟ್ಟರು, ಟಿಕೆಟ್ಟಿನ ಬೆಲೆಯು 100 ಡಾಲರುಗಳನ್ನು ಮೀರಿತು. ಮಾಟ್ಲಿ ಕ್ರೂ ಎಂಬುವರು ಇನ್ನು ಸಂಚಾರ ಮಾಡುವುದಿಲ್ಲವೆಂದು 2014ರಲ್ಲಿ ಕರಾರುಪತ್ರಕ್ಕೆ ರುಜು ಹಾಕಿ, 2019ರಲ್ಲಿ ಹಿಂದಿರುಗಿದರು. ಇವರನ್ನು ಕುರಿತು ಹೆಚ್ಚು ಬರೆಯುವುದರಿಂದ ಪ್ರಯೋಜನವಿಲ್ಲ.

ಇನ್ನು ಒಬ್ಬನ ಸ್ಥಾನದಲ್ಲಿ ಮತ್ತೊಬ್ಬನು ಬರುವ ವಿಷಯ. ವ್ಯಾಕರಣದಲ್ಲಿ ಇದಕ್ಕೆ ಆದೇಶವೆಂದು ಹೆಸರು. ಪಾಣಿನಿಯ ಮತದಂತೆ ಆದೇಶವಾಗಿ ಬಂದದ್ದು ಹಿಂದಿನದರಂತೆಯೇ ಎಣಿಸಲ್ಪಡುತ್ತದೆ. ಆದರೆ ವರ್ಣವನ್ನು, ಎಂದರೆ ಧ್ವನಿಯನ್ನು, ಆಶ್ರಯಿಸಿದ ಕಾರ್ಯಗಳಲ್ಲಿ ಮಾತ್ರ ಹಾಗಲ್ಲ. ಎಷ್ಟು ಸೂಕ್ಷ್ಮವಾದ ನಿಯಮ! ವೃಂದದಲ್ಲಿ ಯಾವನು ಕೇವಲ ಒಂದು ಕೆಲಸಕ್ಕೆ ಅಧಿಕಾರಿಯಾಗಿದ್ದನೋ ಅವನ ಸ್ಥಾನಕ್ಕೆ ಬೇರೊಬ್ಬನನ್ನು ತರಬಹುದು. ಯಾವನು ಆ ವೃಂದದ ಧ್ವನಿಯೇ ಆಗಿದ್ದನೋ ಅವನಿಗೆ ಆದೇಶವಿಲ್ಲ. ಧ್ವನಿಯೆಂದರೆ ಕಂಠವೊಂದೇ ಅಲ್ಲವೆಂಬುದನ್ನೂ ಗಮನಿಸಬೇಕು. 1978ರ ಸೆಪ್ಟೆಂಬರ್ 7ರಂದು ‘ದಿ ಹೂ’ ವೃಂದದ ಕೀತ್ ಮೂನ್ ಸತ್ತ ಮೇಲೆ ಅವರು ಕೆನ್ನಿ ಜೋನ್ಸ್ ಎಂಬ ಒಳ್ಳೆಯ ವಾದಕನನ್ನೇ ತಂದುಕೊಂಡರು. ತಾಳಕ್ಕೆ ಏನೂ ಕೊರತೆಯಾಗಲಿಲ್ಲ. ಆದರೆ ಮೂನನು ಡ್ರಮ್ಮಿನಲ್ಲಿ ತಾಳವನ್ನು ಹಿಡಿಯುತ್ತಿರಲಿಲ್ಲ, ಹಾಡುತ್ತಿದ್ದನು. ಆ ಹಾಡು ನಿಂತಿತು.

ಕ್ವೀನ್ ವೃಂದದವರು ಈ ತೊಡಕನ್ನು ಜಾಣತನದಿಂದ ಬಿಡಿಸಿಕೊಂಡಿದ್ದಾರೆ. ಫ್ರೆಡ್ಡಿ ಮರ್ಕ್ಯುರಿಯು 1991ರ ನವೆಂಬರ್ 24ರಂದು ತೀರಿಕೊಂಡನು. ಅವನ ಗೆಳೆಯ ಜಾನ್ ಡೀಕನ್ 1997ರ ಹೊತ್ತಿಗೆ ನಿವೃತ್ತನಾದನು. ಉಳಿದ ಇಬ್ಬರು ಮೊದಲು ಪಾಲ್ ರಾಜರ್ಸನೊಡನೆಯೂ ಆಮೇಲೆ ಆಡಮ್ ಲ್ಯಾಂಬರ್ಟನೊಡನೆಯೂ ಹಾಡಿದರು. ಎರಡು ಸಾರಿಯೂ ಹೆಸರಿನ ನಡುವೆ ಕೂಡಿಸುವ ಚಿಹ್ನೆಯೊಂದನ್ನು ಇಟ್ಟರು. ಆದೇಶವು ಶತ್ರುವಿನಂತೆ ಇದ್ದವನನ್ನು ಓಡಿಸಿ ಕುಳಿತುಕೊಳ್ಳುತ್ತದೆ, ಆಗಮವು ಮಿತ್ರನಂತೆ ಪಕ್ಕದಲ್ಲಿ ಬಂದು ಕುಳಿತುಕೊಳ್ಳುತ್ತದೆ ಎಂದು ವೈಯಾಕರಣರ ಮಾತುಂಟು. ಆ ಚಿಹ್ನೆಯಿಂದ ಲ್ಯಾಂಬರ್ಟನು ಆಗಮವಾದನು. ಮರ್ಕ್ಯುರಿಯ ಸ್ಥಾನವು ಬರಿದಾಗಿಯೇ ಉಳಿಯಿತು. ಲ್ಯಾಂಬರ್ಟನ ವೇಷಭೂಷಣಗಳು ನನಗೆ ಹಿಡಿಸುವುದಿಲ್ಲವಾದರೂ ಆತನು ಮರ್ಕ್ಯುರಿಯನ್ನು ಅನುಕರಿಸಲು ಹೋಗುವುದಿಲ್ಲವೆಂಬುದನ್ನು ಒಪ್ಪತಕ್ಕದ್ದೇ.

ರೋಲಿಂಗ್ ಸ್ಟೋನ್ಸ್ ವೃಂದವು ಎಂದೂ ಸಂಪೂರ್ಣವಾಗಿ ಒಡೆಯಲಿಲ್ಲವಾದ ಕಾರಣ ಅದರ ವಿಷಯದಲ್ಲಿ ಪುನಸ್ಸಮಾಗಮದ ಮಾತಿಲ್ಲ, ಅಗಲಿದವರ ಮಾತುಂಟು. 2003ನೆಯ ಇಸವಿ ಏಪ್ರಿಲ್ 4ರಂದು ಅವರು ಬೆಂಗಳೂರಿಗೆ ಬಂದಾಗ ನನ್ನ ಹಳೆಯ ಶಿಷ್ಯನೊಬ್ಬನು ಟಿಕೆಟ್ಟು ಕೊಂಡು ನನ್ನನ್ನು ಕರೆದೊಯ್ದನು. ಮಿಕ್ ಜಾಗರನು ರಂಗದ ಉದ್ದಗಲಕ್ಕೂ ಓಡಾಡುತ್ತಿರಲು, ಹಿಂದೆ ಕುಳಿತಿದ್ದ ಚಾರ್ಲಿ ವಾಟ್ಸ್, ಲೆಕ್ಕ ಬರೆಯುವ ಶಾನುಭೋಗನಂತೆ, ಮುಖದಲ್ಲಿ ಯಾವ ವಿಕಾರವೂ ಇಲ್ಲದೆ ನುಡಿಸುತ್ತಿದ್ದನು. ನನ್ನ ಕಣ್ಣು ಅವನ ಮೇಲೆಯೇ ನಿಂತಿತು. ಆತನು 2021ರ ಆಗಸ್ಟ್ 24ರಂದು ತೀರಿಕೊಂಡನು. ಮುಂದಿನ ತಿಂಗಳು ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ ಸಂಚಾರವು ಪ್ರಾರಂಭವಾದಾಗ, ಮೊದಲು ರಂಗದ ಮೇಲೆ ಯಾರೂ ಇಲ್ಲ; ಡ್ರಮ್ಮಿನ ನಾದವೊಂದೇ ಕೇಳಿಸುತ್ತಿರಲು ತೆರೆಗಳ ಮೇಲೆ ವಾಟ್ಸನ ಚಿತ್ರಗಳು ಮೂಡಿದವು. ಇದೇ ವೃಂದದವರು 1969ರಲ್ಲಿ ಬ್ರಯನ್ ಜೋನ್ಸ್ ಸತ್ತ ಎರಡನೆಯ ದಿನವೇ ಹೈಡ್ ಪಾರ್ಕಿನಲ್ಲಿ ಹಾಡಿದಾಗ, ಜಾಗರನು ಶೆಲ್ಲಿ ಕವಿಯು ಕೀಟ್ಸನಿಗಾಗಿ ಬರೆದ ಶೋಕಗೀತದ ಭಾಗವನ್ನು ಓದಿ, ಸಾವಿರಾರು ಬಿಳಿಯ ಚಿಟ್ಟೆಗಳನ್ನು ಹಾರಬಿಡಿಸಿದನು. ಅವುಗಳಲ್ಲಿ ಅನೇಕವು ಪೆಟ್ಟಿಗೆಯಲ್ಲಿಯೇ ಸತ್ತಿದ್ದವು. ಐವತ್ತು ವರ್ಷಗಳಲ್ಲಿ ಅವರ ಅಭಿರುಚಿಯು ಎಷ್ಟು ಪಕ್ವವಾಯಿತೆಂಬುದಕ್ಕೆ ಚಿಟ್ಟೆಗಳನ್ನೂ ಬರಿದಾದ ರಂಗವನ್ನೂ ಹೋಲಿಸಿದರೆ ಸಾಕು.

ಹಾಡು ಉಳಿದರೆ ಸಾಕೆಂದ ಎರಡನೆಯ ಮಿತ್ರರಿಗೆ ಲಿನರ್ಡ್ ಸ್ಕಿನರ್ಡ್ ವೃಂದದ ಸ್ಥಿತಿಯು ಸಮ್ಮತವಾದೀತು. 1977ರ ಅಕ್ಟೋಬರ್ 20ರಂದು ವಿಮಾನವು ಬಿದ್ದು ಅದರ ಗಾಯಕ ರಾನಿ ವ್ಯಾನ್ ಜಾಂಟ್ ಮುಂತಾದವರು ಮಡಿದರು. ಹತ್ತು ವರ್ಷಗಳ ಮೇಲೆ ಬದುಕುಳಿದವರು ಗಾಯಕನ ತಮ್ಮನನ್ನು ಕರೆತಂದು ಮತ್ತೆ ಕೂಡಿದರು. ಅದು ಹೃದ್ಯವಾದ ಸಮಾಗಮವೇ. ಆದರೆ ಮೂಲಪುರುಷರಲ್ಲಿ ಕೊನೆಯವನಾದ ಗ್ಯಾರಿ ರಾಸಿಂಗ್ಟನ್ 2023ರ ಮಾರ್ಚ್ 5ರಂದು ತೀರಿಕೊಂಡ ಮೇಲೂ ಹೆಸರು ನಡೆಯುತ್ತಿದೆ. ನಮ್ಮ ಯಕ್ಷಗಾನದ ಮೇಳಗಳಲ್ಲಿ ಹೆಸರು ದೇವಸ್ಥಾನದ್ದು. ಕಲಾವಿದರು ಬಂದು ಹೋಗುವರು. ಅದರಲ್ಲಿ ಅಸಹಜವಾದದ್ದೇನೂ ಇಲ್ಲ. ರಾಕ್ ವೃಂದದ ಹೆಸರಾದರೋ ಕೆಲವು ನಿರ್ದಿಷ್ಟ ಮನುಷ್ಯರ ಸ್ನೇಹಕ್ಕೆ ಇಟ್ಟ ಹೆಸರು. ಗ್ರೇಟ್‌ಫುಲ್ ಡೆಡ್ ವೃಂದದವರು ಇದನ್ನು ಅರಿತಿದ್ದರು. 1995ರ ಆಗಸ್ಟಿನಲ್ಲಿ ಜೆರ್ರಿ ಗಾರ್ಸಿಯಾ ಸತ್ತಾಗ, ಅದೇ ವರ್ಷದ ಕೊನೆಯೊಳಗೆ ಆ ಹೆಸರಿನಿಂದ ಹಾಡುವುದನ್ನು ನಿಲ್ಲಿಸಿದರು, ಆಮೇಲೆ ಬೇರೆ ಹೆಸರುಗಳಿಂದ ಹಾಡಿದರು. ಡೋರ್ಸ್ ವೃಂದದ ಡ್ರಮ್ ವಾದಕ ಜಾನ್ ಡೆನ್ಸ್‌ಮೋರ್, ಜಿಮ್ ಮಾರಿಸನ್ ಇಲ್ಲದೆ ತನ್ನ ಇಬ್ಬರು ಗೆಳೆಯರು ಆ ಹೆಸರನ್ನು ಬಳಸುತ್ತಿದ್ದುದಕ್ಕೆ 2003ರಲ್ಲಿ ವ್ಯಾಜ್ಯ ಹೂಡಿ ಗೆದ್ದನು. ಗೆಳೆಯರ ಮೇಲೆ ದಾವೆ ಹೂಡಿದವನೆಂದು ಆತನನ್ನು ಬೈದವರು ಹಲವರು. ನಾನು ಡೆನ್ಸ್‌ಮೋರನ ಪಕ್ಷ.

ಯಂತ್ರಸಹಾಯದಿಂದ ಅಗಲಿದವರನ್ನೇ ಕರೆತರುವ ಈಚಿನ ಪದ್ಧತಿಯನ್ನು ಕುರಿತು ಎರಡು ಮಾತು. ಬೀಟಲ್ಸ್ ವೃಂದದ ಜಾನ್ ಲೆನನ್ 1980ರಲ್ಲಿ ಕೊಲೆಯಾದನು. ಜಾರ್ಜ್ ಹ್ಯಾರಿಸನ್ 2001ರಲ್ಲಿ ತೀರಿಕೊಂಡನು. ಲೆನನ್ ತನ್ನ ಮನೆಯಲ್ಲಿ ಹಾಡಿಟ್ಟಿದ್ದ ಟೇಪಿನಿಂದ ಕಂಠವನ್ನು ಪಿಯಾನೊವಿನ ನಾದದಿಂದ ಬೇರ್ಪಡಿಸಿ, ಹ್ಯಾರಿಸನ್ 1995ರಲ್ಲಿ ನುಡಿಸಿದ್ದ ಗಿಟಾರನ್ನೂ ಸೇರಿಸಿ, ಬದುಕಿರುವ ಇಬ್ಬರು 2023ರ ನವೆಂಬರಿನಲ್ಲಿ ಒಂದು ಹಾಡನ್ನು ಹೊರತಂದರು. ತೀರಿಕೊಂಡವನ ಪತ್ರವು ತಡವಾಗಿ ಕೈಸೇರಿದಂತಿದೆ ಆ ಹಾಡು. ಕಂಠದ ದೂರವು ಕಿವಿಗೆ ತಿಳಿಯುತ್ತದೆ. ಆದರೆ ಅದಕ್ಕೆ ಮಾಡಿದ ಚಿತ್ರದಲ್ಲಿ ತರುಣ ಲೆನನ್ನನು ಮುದುಕರ ಪಕ್ಕದಲ್ಲಿ ನಿಂತು ಕುಣಿಯುವಂತೆ ತೋರಿಸಿದ್ದು ರಸಾಭಾಸ. ಸ್ವೀಡನ್ನಿನ ಆಬಾ ವೃಂದದವರು, ರಾಕ್ ಪಂಕ್ತಿಗೆ ಅವರು ಪೂರಾ ಸೇರದಿದ್ದರೂ, 2022ರಿಂದ ಲಂಡನ್ನಿನಲ್ಲಿ ತಮ್ಮ 1970ರ ದಶಕದ ರೂಪವನ್ನೇ ಬೆಳಕಿನಿಂದ ರಚಿಸಿ ರಂಗದ ಮೇಲೆ ಹಾಡಿಸುತ್ತಿದ್ದಾರೆ. ನಾಲ್ವರೂ ಬದುಕಿದ್ದಾರೆ, ರಂಗದ ಮೇಲೆ ಮಾತ್ರ ಇಲ್ಲ. ಭವಭೂತಿಯ ಸೀತೆಯು ಚಿತ್ರಪಟದ ಶೂರ್ಪಣಖಿಯನ್ನು ಕಂಡು ಬೆದರಿದಾಗ ರಾಮನು ಇದು ಚಿತ್ರವೆಂದು ನೆನಪುಮಾಡಬೇಕಾಯಿತು. ಅಲ್ಲಿ ಹಾಗೆ ಹೇಳುವವರು ಯಾರೂ ಇರುವಂತೆ ತೋರುವುದಿಲ್ಲ.

ಕೊನೆಗೆ, ಈ ಚರ್ಚೆಗೆಲ್ಲ ಸದ್ಯಕ್ಕೆ ನಿಮಿತ್ತವಾದ ಘಟನೆ. ಬ್ಲ್ಯಾಕ್ ಸಬ್ಬತ್ ವೃಂದದ ನಾಲ್ವರು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದ ಆಸ್ಟನ್ ಎಂಬ ಬಡವರ ಕೇರಿಯವರು. 2017ರಲ್ಲಿ ಅವರು ಕೊನೆಯ ಕಚೇರಿಯೆಂದು ಸಾರಿ ಹಾಡಿದ್ದರು. ಅಂದು ಮೂಲ ಡ್ರಮ್ ವಾದಕ ಬಿಲ್ ವಾರ್ಡ್ ಇರಲಿಲ್ಲ. ಆದುದರಿಂದ 2025ರಲ್ಲಿ ಮತ್ತೆ ಕೂಡುವರೆಂಬ ಸುದ್ದಿ ಬಂದಾಗ ‘ಇನ್ನೊಂದು ಕೊನೆ’ ಎಂದು ನಕ್ಕವರುಂಟು. ಜುಲೈ 5ರಂದು ಆಸ್ಟನ್ನಿನಲ್ಲೇ ಇರುವ ವಿಲ್ಲಾ ಪಾರ್ಕ್ ಮೈದಾನದಲ್ಲಿ ನಾಲ್ವರೂ ಸೇರಿದರು. ಗಾಯಕ ಆಜಿ ಆಸ್ಬರ್ನನಿಗೆ ಪಾರ್ಕಿನ್ಸನ್ ವ್ಯಾಧಿ, ನಿಲ್ಲಲಾರನು. ಕರಿಯ ಸಿಂಹಾಸನವೊಂದರಲ್ಲಿ ಕುಳ್ಳಿರಿಸಿದ್ದರು. ಏಳಬೇಕೆಂದು ಹವಣಿಸಿ ಏಳಲಾರದೆ ಕುಳಿತಲ್ಲಿಯೇ ಕೈಯೆತ್ತಿ ಕೂಗುತ್ತಿದ್ದನು. ವ್ಯಾಧಿಯನ್ನು ಮುಚ್ಚಲು ಯಾವ ಪ್ರಯತ್ನವೂ ಇರಲಿಲ್ಲ. ಧ್ವನಿಯು ಕೆಲವೆಡೆ ತಪ್ಪಿತು, ಕೆಲವೆಡೆ ಆಶ್ಚರ್ಯವಾಗುವಂತೆ ನಿಂತಿತು. ಆತನ ಹಿಂದಿನ ವೇಷಗಳೂ ಅತಿರೇಕಗಳೂ ನನಗೆ ಎಂದೂ ರುಚಿಸಿದವಲ್ಲ. ಆದರೂ ಆ ದಿನದ ಚಿತ್ರವನ್ನು ನೋಡಿದಾಗ, ಐವತ್ತೈದು ವರ್ಷಗಳ ಹಿಂದಿನ ರೆಕಾರ್ಡಿನ ಹುಡುಗನೇ ಈ ಮುದುಕನೆಂದು ನನ್ನ ಮನಸ್ಸು ಒಂದು ನಿಮಿಷವೂ ಸಂದೇಹಿಸಲಿಲ್ಲ. ಹದಿನೇಳು ದಿನಗಳ ಮೇಲೆ, ಜುಲೈ 22ರಂದು, ಆತನು ತೀರಿಕೊಂಡನು. 30ರಂದು ಶವವಾಹನವು ಬರ್ಮಿಂಗ್‌ಹ್ಯಾಮಿನ ಬ್ರಾಡ್ ಸ್ಟ್ರೀಟಿನಲ್ಲಿ ಸಾಗಿ, ಆ ವೃಂದದ ಹೆಸರನ್ನೇ ಇಟ್ಟಿರುವ ಸೇತುವೆಯ ಬಳಿ ನಿಂತಿತು. ಮೆರವಣಿಗೆಯಲ್ಲಿ ಹಿತ್ತಾಳೆಯ ವಾದ್ಯಗಳ ಬ್ಯಾಂಡೊಂದು ಸಬ್ಬತ್ತಿನ ಹಾಡುಗಳನ್ನು ಊದುತ್ತ ನಡೆಯಿತು.